ಹಾಡು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ?

1979ರ ಡಿಸೆಂಬರ್ 3ರ ಸಂಜೆ ಅಮೆರಿಕದ ಸಿನ್ಸಿನಾಟಿ ನಗರದ ರಿವರ್‌ಫ್ರಂಟ್ ಕೊಲಿಸಿಯಂ ಮುಂದೆ ಸಾವಿರಾರು ಜನ ಚಳಿಯಲ್ಲಿ ಕಾಯುತ್ತ ನಿಂತಿದ್ದರು. ಅಂದು ‘ದಿ ಹೂ’ ತಂಡದ ರಾಕ್ ಸಂಗೀತ. ಬಹುಪಾಲು ಟಿಕೆಟ್‌ಗಳಿಗೆ ಸೀಟ್ ನಂಬರ್ ಇರಲಿಲ್ಲ. ಮೊದಲು ಒಳಗೆ ಹೋದವರಿಗೆ ವೇದಿಕೆಯ ಹತ್ತಿರದ ಜಾಗ. ಒಳಗಿಂದ ಸೌಂಡ್‌ಚೆಕ್ ಸದ್ದು ಕೇಳಿಬಂದಾಗ ಕಾರ್ಯಕ್ರಮ ಶುರುವಾಗಿಯೇ ಬಿಟ್ಟಿತೆಂದು ಜನ ಮುನ್ನುಗ್ಗಿದರು. ತೆರೆದಿದ್ದದ್ದು ಕೆಲವೇ ಬಾಗಿಲು. ಅಲ್ಲೇ 11 ಮಂದಿ ಸತ್ತರು. ಒಳಗೆ ಸಂಗೀತ ಮಾತ್ರ ಪೂರ್ತಿಯಾಗಿ ನಡೆಯಿತು. ಹೊರಗೆ ಏನಾಗಿದೆ ಎಂದು ಕಲಾವಿದರಿಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ.

ಸಂಗೀತ ಕಾರ್ಯಕ್ರಮಗಳಿಗೆ ಅದಕ್ಕೂ ಮುಂಚೆ ಕಾನೂನು ಇರಲಿಲ್ಲವೆಂದಲ್ಲ. ಇಂಗ್ಲೆಂಡಿನ ಐಲ್ ಆಫ್ ವೈಟ್ ಎಂಬ ಪುಟ್ಟ ದ್ವೀಪಕ್ಕೆ 1970ರಲ್ಲಿ ಸಂಗೀತ ಕೇಳಲು ಲಕ್ಷಗಟ್ಟಲೆ ಜನ ಬಂದಿಳಿದಿದ್ದರು. ಮರುವರ್ಷವೇ, ಐದು ಸಾವಿರಕ್ಕಿಂತ ಹೆಚ್ಚು ಜನ ಬಯಲಲ್ಲಿ ರಾತ್ರಿ ಕಳೆಯುವ ಕಾರ್ಯಕ್ರಮಕ್ಕೆ ಅಲ್ಲಿ ಪರವಾನಗಿ ಕಡ್ಡಾಯವಾಯಿತು. ಆದರೆ ಆಗಿನ ಆತಂಕ ಸ್ಥಳೀಯರ ನೆಮ್ಮದಿ, ಗದ್ದಲ, ನೈರ್ಮಲ್ಯದ್ದು. ಸಂಗೀತ ಕೇಳಲು ಬಂದವರ ಜೀವಕ್ಕೇ ಅಪಾಯವಿದೆ ಎಂಬ ಅರಿವು ಗಟ್ಟಿಯಾದದ್ದು ಸಿನ್ಸಿನಾಟಿಯ ಬಳಿಕ.

ಆ ಅರಿವಿಗೆ ಲೆಕ್ಕಾಚಾರದ ಬಲ ಕೊಟ್ಟವರಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಮುಖ್ಯರು. ಜನಸಂದಣಿಯ ದುರಂತಗಳ ಬಗ್ಗೆ 1993ರಲ್ಲಿ ಅವರು ಬರೆದ ಪ್ರಬಂಧವನ್ನು ಈ ಕ್ಷೇತ್ರದವರು ಈಗಲೂ ಓದುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಸುಮಾರು ಏಳು ಜನ ಸೇರಿದರೆ ಅಲ್ಲಿ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲಾರರು. ಇಡೀ ಗುಂಪೇ ನೀರಿನಂತೆ ಹೊಯ್ದಾಡತೊಡಗುತ್ತದೆ. ಎಲ್ಲಿಂದಲೋ ಹೊರಟ ಒಂದು ಅಲೆ ಜನರನ್ನು ಮೂರು ಮೀಟರ್ ದೂರ ಎತ್ತಿಕೊಂಡು ಹೋಗಬಲ್ಲದು. ಇಂಥ ಒತ್ತಡಕ್ಕೆ ಉಕ್ಕಿನ ಕಂಬಿಗಳೇ ಬಾಗಿವೆ. ಸಾಯುವವರಲ್ಲಿ ಹೆಚ್ಚಿನವರು ಯಾರದೋ ಕಾಲಡಿ ಸಿಕ್ಕಿ ಸಾಯುವುದಿಲ್ಲ. ಎದೆ ಹಿಗ್ಗಲು ಜಾಗವಿಲ್ಲದೆ, ಉಸಿರು ಕಟ್ಟಿ, ನಿಂತಲ್ಲೇ ಸಾಯುತ್ತಾರೆ. ಹಿಂದೆ ನಿಂತವರಿಗೆ ಮುಂದಿನದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಆದ್ದರಿಂದ ‘ಜನ ಹುಚ್ಚೆದ್ದರು’ ಎಂದು ಸತ್ತವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಜಾಗ, ಬಾಗಿಲು, ಸಮಯ, ಸುದ್ದಿ ಎಲ್ಲವೂ ಆಯೋಜಕರ ಕೈಯಲ್ಲಿರುತ್ತವೆ.

ಬ್ರಿಟನ್ನಿನಲ್ಲಿ ಕಣ್ಣು ತೆರೆಸಿದ್ದು 1988ರ ಡಾನಿಂಗ್ಟನ್ ರಾಕ್ ಮೇಳ. ಲಕ್ಷಕ್ಕೂ ಮೀರಿದ ಜನ, ಇಳಿಜಾರು, ಕೆಸರಾದ ನೆಲ. ‘ಗನ್ಸ್ ಎನ್ ರೋಸಸ್’ ಹಾಡುತ್ತಿದ್ದಾಗ ಮುಂದಿದ್ದವರು ಮಗುಚಿಬಿದ್ದು ಇಬ್ಬರು ಯುವಕರು ತೀರಿಕೊಂಡರು. ಸಂಗೀತ ಮೇಳಗಳ ಸುರಕ್ಷತೆಗೆಂದೇ 1993ರಲ್ಲಿ ಅಲ್ಲೊಂದು ಕೈಪಿಡಿ ಬಂತು. 1999ರ ಹೊಸ ಆವೃತ್ತಿ ರಕ್ಷಾಪುಟದ ಬಣ್ಣದಿಂದ ‘ಪರ್ಪಲ್ ಗೈಡ್’ ಎಂದೇ ಹೆಸರಾಯಿತು. ಬಯಲು ಕಾರ್ಯಕ್ರಮದಲ್ಲಿ ಒಬ್ಬರಿಗೆ ಸುಮಾರು ಅರ್ಧ ಚದರ ಮೀಟರ್ ಜಾಗ ಬೇಕೆಂಬ ಲೆಕ್ಕ ಅದರದು. ಮೈದಾನದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಹೀಗೆ ಅಂದಾಜಿನ ಮಾತಾಗಿ ಉಳಿಯದೆ ಅಳತೆಯ ಮಾತಾಯಿತು.

ಆದರೂ 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ‘ಪರ್ಲ್ ಜ್ಯಾಮ್’ ಹಾಡುವಾಗ ವೇದಿಕೆಯ ಮುಂದೆಯೇ ಒಂಬತ್ತು ಮಂದಿ ಸತ್ತರು. ಮುಂದಿನ ಜಾಗವನ್ನು ಗಟ್ಟಿ ತಡೆಗೋಡೆಗಳಿಂದ ಸಣ್ಣ ಸಣ್ಣ ಅಂಕಣಗಳಾಗಿ ಒಡೆದು, ಪ್ರತಿಯೊಂದಕ್ಕೂ ಎಣಿಸಿ ಜನ ಬಿಡುವ ಪದ್ಧತಿ ಅಲ್ಲಿ ಆಮೇಲೆ ಬಂತು. ಹಿಂದಿನವರ ನೂಕು ಮುಂದಿನವರ ಎದೆಗೆ ತಲುಪದಂತೆ ತಡೆಯಲು ಇದಕ್ಕಿಂತ ಸರಳ ಉಪಾಯವಿಲ್ಲ. ರೋಡ್ ಐಲೆಂಡಿನ ‘ಸ್ಟೇಷನ್’ ನೈಟ್‌ಕ್ಲಬ್ಬಿನಲ್ಲಿ 2003ರಲ್ಲಿ ವೇದಿಕೆಯ ಪಟಾಕಿಯಿಂದ ಹೊತ್ತಿಕೊಂಡ ಬೆಂಕಿ 100 ಜನರನ್ನು ಬಲಿ ತೆಗೆದುಕೊಂಡಿತು. ಸ್ಪ್ರಿಂಕ್ಲರ್ ಅಳವಡಿಸಬೇಕು, ಪ್ರತಿ 250 ಜನರಿಗೆ ತರಬೇತಾದ ಒಬ್ಬ ನಿರ್ವಾಹಕ ಇರಬೇಕು ಎಂದು ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆ ಬಿಗಿಯಾದದ್ದು ಅದರ ನಂತರ.

ಪರವಾನಗಿಯ ಕಾನೂನಿನಲ್ಲಿ ಬ್ರಿಟನ್ ಕಲಿತ ಇನ್ನೊಂದು ಪಾಠ ನಮಗೂ ಬೇಕಾದದ್ದು. ಅಲ್ಲಿನ 2003ರ ಲೈಸೆನ್ಸಿಂಗ್ ಕಾಯ್ದೆ ಮದ್ಯಕ್ಕೂ ಮನರಂಜನೆಗೂ ಒಂದೇ ಪರವಾನಗಿ ತಂದು, ಸಾರ್ವಜನಿಕ ಸುರಕ್ಷತೆಯನ್ನು ಅದರ ನಾಲ್ಕು ಗುರಿಗಳಲ್ಲಿ ಒಂದಾಗಿಸಿತು. ಆದರೆ ಮೂಲೆಯಲ್ಲಿ ಕೂತು ಗಿಟಾರ್ ನುಡಿಸುವವನಿಗೂ ಕಾಗದಪತ್ರದ ಹೊರೆ ಬಿತ್ತು. 2012ರ ಲೈವ್ ಮ್ಯೂಸಿಕ್ ಕಾಯ್ದೆ 200 ಜನರವರೆಗಿನ ಕಾರ್ಯಕ್ರಮಗಳಿಗೆ, ರಾತ್ರಿ 11ರವರೆಗೆ, ಆ ಹೊರೆ ಇಳಿಸಿತು. 2015ರಲ್ಲಿ ಮಿತಿ 500ಕ್ಕೆ ಏರಿತು. ಜನ ಕಡಿಮೆಯಿದ್ದಲ್ಲಿ ಕಾನೂನು ಹಗುರ, ಹೆಚ್ಚಿದ್ದಲ್ಲಿ ಬಿಗಿ. ಇದೇ ಸರಿಯಾದ ಕ್ರಮ.

ನಮ್ಮಲ್ಲಿ ಬಹುಕಾಲ ಇದಕ್ಕೆ ತದ್ವಿರುದ್ಧ. ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ಹೊರಟ ಬೆಂಗಳೂರಿನ ಪರವಾನಗಿ ಆದೇಶದ ಕಣ್ಣು ಬಿದ್ದದ್ದು ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳ ಮೇಲೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ನಗರದ ಪಬ್ಬು, ರೆಸ್ಟೋರೆಂಟುಗಳ ಸಂಗೀತವೇ ಕೆಲಕಾಲ ಸಂಕಷ್ಟಕ್ಕೆ ಸಿಲುಕಿತು. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಕೂಡದೆಂಬ 2000ದ ಶಬ್ದಮಾಲಿನ್ಯ ನಿಯಮದ ಪ್ರಭಾವವಂತೂ ಎಷ್ಟೆಂದರೆ, ಕಟೀಲಿನ ಯಕ್ಷಗಾನ ಮೇಳಗಳೇ 2022ರಲ್ಲಿ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದವು. ಗಡಿಯಾರ ನೋಡುವುದನ್ನು ನಮ್ಮ ವ್ಯವಸ್ಥೆ ಚೆನ್ನಾಗಿ ಕಲಿತಿದೆ. ತಲೆ ಎಣಿಸುವುದನ್ನು ಕಲಿತಿಲ್ಲ.

2011ರ ಅಕ್ಟೋಬರ್‌ನಲ್ಲಿ ಗುರ್ಗಾಂವ್‌ನ ಮೆಟಾಲಿಕಾ ಕಾರ್ಯಕ್ರಮ ವೇದಿಕೆ ಮುಂದಿನ ಬ್ಯಾರಿಕೇಡ್ ಮುರಿದದ್ದರಿಂದ ನಿಂತಿತು. ನಿಲ್ಲಿಸಿದ್ದು ಸರಿಯೇ. ಕಾದು ಬೇಸತ್ತ ಜನ ವೇದಿಕೆಯನ್ನೇ ಧ್ವಂಸ ಮಾಡಿದರು. ಎರಡು ದಿನಗಳ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಹಾಡಿತು. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಮಾತ್ರ ಅನಾಹುತ ತಪ್ಪಲಿಲ್ಲ. ಮಳೆ ಬಂತು, ಹೊರಗಿದ್ದವರು ಒಳಗೆ ಓಡಿದರು, ಕಡಿದಾದ ಮೆಟ್ಟಿಲುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಾಲ್ವರು ತೀರಿಕೊಂಡರು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2014ರ ಜನಸಂದಣಿ ಕೈಪಿಡಿ ಆಗಲೇ ಇತ್ತು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಸತ್ತದ್ದು ಕ್ರಿಕೆಟ್ ವಿಜಯೋತ್ಸವದಲ್ಲಿ, ಸಂಗೀತದಲ್ಲಲ್ಲ. ಆದರೆ ಗೇಟಿನ ಮುಂದೆ ನಡೆದದ್ದು ಸಿನ್ಸಿನಾಟಿಯಲ್ಲಿ ನಡೆದದ್ದೇ. ಅದೇ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಸೇರುವ ಜನರ ಸಂಖ್ಯೆ ನೋಡಿ ಅನುಮತಿ ಕೊಡುವ ಅಧಿಕಾರಿಯ ಮಟ್ಟ ನಿಗದಿಪಡಿಸುವ ಅದರ ಯೋಚನೆ ಸ್ವಾಗತಾರ್ಹ. ಆಯೋಜಕರಿಗೆ ಕಠಿಣ ಶಿಕ್ಷೆಯೂ ಅದರಲ್ಲಿದೆ. ಆದರೆ ಶಿಕ್ಷೆ ಬರುವುದು ಸಾವಿನ ನಂತರ.

2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಮೇಳಕ್ಕೆ ಬಂದವರಲ್ಲಿ ಹತ್ತು ಮಂದಿ ಸತ್ತರು. ಅಧಿಕಾರಿಗಳು ರಾತ್ರಿ 9.38ಕ್ಕೇ ಇದು ಸಾಮೂಹಿಕ ಅವಘಡವೆಂದು ಘೋಷಿಸಿದ್ದರೂ ಹಾಡು ಅರ್ಧ ಗಂಟೆ ಮುಂದುವರಿಯಿತು. ಅಲ್ಲಿ ಕಾಗದ, ಪೊಲೀಸರು, ಆಂಬುಲೆನ್ಸ್ ಎಲ್ಲ ಇದ್ದವು. ಮೈಕ್ ಆಫ್ ಮಾಡಿಸುವ ತೀರ್ಮಾನ ಮಾತ್ರ ಹೊತ್ತಿಗೆ ಬರಲಿಲ್ಲ.

ಅನುಮತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರಿಗಳಲ್ಲಿ ಆದ್ದರಿಂದ ಒಂದು ಕೋರಿಕೆ. ಅಗ್ನಿಶಾಮಕ ದಳದ ಎನ್‌ಒಸಿ, ಪಾರ್ಕಿಂಗ್ ನಕ್ಷೆ ನೋಡುವ ಜೊತೆಗೆ ಮೂರು ಸಂಗತಿ ಬರೆಸಿಕೊಳ್ಳಿ: ಮೈದಾನದ ಅಳತೆಗೆ ಎಷ್ಟು ಜನ, ಎಷ್ಟು ಗೇಟು ಎಷ್ಟು ಗಂಟೆಗೆ ತೆರೆಯುತ್ತವೆ, ಹಾಡು ನಿಲ್ಲಿಸುವವರ ಹೆಸರು ಮತ್ತು ಹುದ್ದೆ. ಆ ವ್ಯಕ್ತಿ ವೇದಿಕೆಯ ಪಕ್ಕದಲ್ಲೇ ನಿಂತಿರಬೇಕು. ಅವರ ಮಾತನ್ನು ಕಲಾವಿದರೂ ಪ್ರಾಯೋಜಕರೂ ಮೀರುವಂತಿರಬಾರದು. ಈ ಮೂರಕ್ಕೆ ಲಿಖಿತ ಉತ್ತರ ಕೊಡದ ಆಯೋಜಕರಿಗೆ ಅನುಮತಿ ಕೊಡಬೇಡಿ.