ದಂಡನಾಯಕ ಗಂಗರಾಜ: ದಾನಶಾಸನಗಳಲ್ಲಿ ಸಿಗುವ ಯುದ್ಧಕಥೆ

ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ, ದಂಡನಾಯಕ ಗಂಗರಾಜನ ಹೆಸರು ಶ್ರವಣಬೆಳಗೊಳಕ್ಕೆ ಹೋದವರಿಗೆಲ್ಲ ಗೊತ್ತು. ಗೊಮ್ಮಟನ ಪಾದದ ಪಕ್ಕದಲ್ಲಿ ಚಾವುಂಡರಾಯನ ಹೆಸರಿನ ಜೊತೆಗೇ ಇವನದ್ದೂ ಇದೆ: ಗಂಗರಾಜ ಸುತ್ತಾಲಯ ಮಾಡಿಸಿದ ಅಂತ. ಅದನ್ನೇ ಕನ್ನಡ, ಮರಾಠಿ ಎರಡರಲ್ಲೂ ಕೊರೆಸಿದ್ದಾರೆ. ಆದರೆ ಇವನ ಯುದ್ಧಗಳ ಬಗ್ಗೆ ತಿಳಿಯಬೇಕಾದ್ರೆ ಭೂದಾನದ ಶಾಸನಗಳನ್ನೇ ಓದಬೇಕು.

ಮೊದಲ ದೊಡ್ಡ ಗೆಲುವು ತಲಕಾಡು, ಸುಮಾರು 1116ರಲ್ಲಿ. ಅಲ್ಲಿ ಚೋಳರ ಪರವಾಗಿ ಇದ್ದ ಸಾಮಂತ ಅದಿಯಮನನ್ನು ಗಂಗರಾಜ ಓಡಿಸಿದ. 'ತಲಕಾಡುಗೊಂಡ' ಅನ್ನೋ ಬಿರುದು ಮಾತ್ರ ರಾಜನಿಗೆ ಸಂದಿತು. 'ಏನು ಬೇಕೋ ಕೇಳು' ಅಂತ ರಾಜ ಹೇಳಿದಾಗ ಗಂಗರಾಜ ತಿಪ್ಪೂರನ್ನು ಬೇಡಿ ಪಡೆದು, ಜೈನ ಗುರುವಿಗೆ ದಾನ ಕೊಟ್ಟ.

ಎರಡನೆಯದು ಕಣ್ಣೆಗಾಲ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಸೈನ್ಯ ಹನ್ನೆರಡು ಸಾಮಂತರೊಂದಿಗೆ ಅಲ್ಲಿ ಬೀಡು ಬಿಟ್ಟಿತ್ತು. ಗಂಗರಾಜ ರಾತ್ರಿ ಹೊತ್ತು ಆ ಬೀಡಿನ ಮೇಲೆ ಬಿದ್ದ. ಸೈನ್ಯ ಚದುರಿತು, ಅವರ ಸಾಮಾನು, ವಾಹನಗಳನ್ನೆಲ್ಲ ತಂದು ಒಡೆಯನಿಗೆ ಒಪ್ಪಿಸಿದ. ಈ ಸಲ ಕೇಳಿದ್ದು ಪರಮ ಅನ್ನೋ ಹಳ್ಳಿ. ತಾಯಿ ಪೋಚವ್ವೆ, ಹೆಂಡತಿ ಲಕ್ಷ್ಮಿ ಮಾಡಿಸಿದ್ದ ಬಸದಿಗಳಿಗೆ ಅದನ್ನು ಬಿಟ್ಟ. ಇದನ್ನು ಹೇಳೋದು ಚಂದ್ರಗಿರಿಯ ಶಾಸನ ಬಸದಿಯಲ್ಲಿರುವ 1118ರ ಶಾಸನ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಆ ಕಾಲದ ಶಾಸನಗಳಲ್ಲಿ ವಿಷ್ಣುವರ್ಧನ ಇನ್ನೂ 'ಮಹಾಮಂಡಳೇಶ್ವರ', ಅಂದ್ರೆ ಸಾಮಂತ. ಬಿರುದಿನಲ್ಲಿ ಅಧೀನತೆ, ಯುದ್ಧದಲ್ಲಿ ಸಾರ್ವಭೌಮನ ಸೈನ್ಯದ ಮೇಲೇ ದಾಳಿ! ಹೊಯ್ಸಳರು ಸ್ವತಂತ್ರರಾಗಲು ಹೊರಟ ಕಾಲ ಇದು. ಆ ದಾಳಿಯ ವಿವರ ನಮಗೆ ಉಳಿದದ್ದು ಯಾಕೆ? ದಾನಶಾಸನದಲ್ಲಿ ಆ ಹಳ್ಳಿ ಹೇಗೆ ಕೈಗೆ ಬಂತು ಅಂತ ಹೇಳಬೇಕಿತ್ತು. ಹಕ್ಕಿನ ಮೂಲ ತೋರಿಸಲು ಯುದ್ಧ ಬಂತು. ಆದ್ದರಿಂದ ಇದನ್ನು ಓದುವಾಗ ಎರಡು ಎಚ್ಚರ ಬೇಕು: ಇದು ಗೆದ್ದವರ ಕಡೆಯ ಮಾತು, ಜೊತೆಗೆ ದಾನಿಯ ಹೊಗಳಿಕೆ. ಸತ್ತ ಸೈನಿಕರ ಲೆಕ್ಕವನ್ನು ಇಂಥ ಕಲ್ಲಿನಲ್ಲಿ ಹುಡುಕಬೇಡಿ. ಹಳ್ಳಿ, ಗುರು, ಬಸದಿ ಇವುಗಳ ವಿಷಯದಲ್ಲಿ ಮಾತ್ರ ಶಾಸನವನ್ನು ಹೆಚ್ಚು ನಂಬಬಹುದು. ಅವು ಊರವರ ಕಣ್ಣೆದುರಿಗೇ ಇದ್ದವು, ಸುಳ್ಳು ಬರೆಸೋದು ಕಷ್ಟ.

ಚಂದ್ರಗಿರಿಯಲ್ಲಿ ಅವನ ಮನೆಯ ಕಥೆಯೂ ಇದೆ. 1121ರಲ್ಲಿ ತಾಯಿ ಸಲ್ಲೇಖನದಿಂದ ತೀರಿಕೊಂಡರು, ಅದರ ಬೆನ್ನಲ್ಲೇ ಹೆಂಡತಿ, 1123ರಲ್ಲಿ ಗುರು ಶುಭಚಂದ್ರ ಸಿದ್ಧಾಂತದೇವರು. ಮೂವರಿಗೂ ನಿಷಿಧಿ ಶಾಸನ ನಿಲ್ಲಿಸಿದವನು ಗಂಗರಾಜನೇ.

1133ರಲ್ಲಿ ಅವನು ತೀರಿಕೊಂಡ. ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಕಟ್ಟಿಸಿದ್ದು ಈಗಿನ ಹಳೇಬೀಡಿನ ಪಾರ್ಶ್ವನಾಥ ಬಸದಿ. ಅದರ ಹೆಸರು 'ದ್ರೋಹಘರಟ್ಟ ಜಿನಾಲಯ'. ದ್ರೋಹಘರಟ್ಟ ಗಂಗರಾಜನ ಬಿರುದು, ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಅಂತ ಅರ್ಥ. ಅಹಿಂಸೆಯ ಧರ್ಮದ ಗುಡಿಗೆ ಯುದ್ಧದ ಬಿರುದನ್ನೇ ಇಟ್ಟಿದ್ದಾರೆ. ಅವತ್ತಿನವರಿಗೆ ಅದರಲ್ಲಿ ವಿರೋಧ ಕಂಡಿಲ್ಲ. ಹೊಯ್ಸಳೇಶ್ವರ ನೋಡಿ ಬಸ್ ಹತ್ತುವ ಮೊದಲು ಅಲ್ಲೂ ಒಮ್ಮೆ ಹೋಗಿ ಬನ್ನಿ. ನಡೆದು ಹೋಗುವಷ್ಟೇ ದೂರ.