ಫರ್ಮಾನುಗಳಲ್ಲಿ ಕಟ್ಟಿದ ಪ್ರಭುತ್ವ: ನಿಜಾಮ ಆಳ್ವಿಕೆಯ 1914–1921ರ ಮರುಪರಿಶೀಲನೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಿಮೋಚನಾ ಹೋರಾಟವನ್ನು ಕುರಿತ ಬರಹಗಳು ಬಹುಮಟ್ಟಿಗೆ ನಿಜಾಮನ ಪರವಾದ ಸಶಸ್ತ್ರ ದಳ ರಜಾಕಾರರಿಂದಲೇ ಆರಂಭವಾಗುತ್ತವೆ. ಅದಕ್ಕೂ ಹಿಂದಿನ ಕಾಲವನ್ನು ಮಧ್ಯಯುಗದಿಂದ ಉಳಿದುಬಂದ ನವಾಬಿ ದರ್ಬಾರೆಂದು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಈ ಓದು ತಪ್ಪು. ಹೈದರಾಬಾದಿನ ನಿರಂಕುಶತೆಯ ಕೊನೆಯ ರೂಪ ಉಳಿದುಬಂದದ್ದಲ್ಲ, 1914ರಿಂದ 1921ರವರೆಗೆ ಫರ್ಮಾನುಗಳ ಮೂಲಕ, ಅಂದರೆ ದೊರೆಯ ಇಚ್ಛೆಯೇ ಕಾನೂನಾಗುವ ಆಜ್ಞೆಗಳ ಮೂಲಕ, ಬೇಕೆಂದೇ ಕಟ್ಟಿದ್ದು.

1914ರ ಕೊನೆಯಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ದಿವಾನ ಮೂರನೆಯ ಸಾಲಾರ್ ಜಂಗನನ್ನು ಕೆಳಗಿಳಿಸಿ, ಆಡಳಿತವನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡನು. 1919ರಲ್ಲಿ ಸರ್ ಅಲಿ ಇಮಾಮರ ಅಧ್ಯಕ್ಷತೆಯಲ್ಲಿ ಬಾಬ್-ಎ-ಹುಕೂಮತ್ ಎಂಬ ಕಾರ್ಯಾಂಗ ಮಂಡಳಿ ಬಂದರೂ ಅದು ಉತ್ತರ ಹೇಳಬೇಕಾಗಿದ್ದುದು ದೊರೆಗೆ, ಜನರಿಗಲ್ಲ. ಇದೇ ಅವಧಿಯಲ್ಲಿ ಪುರಾತತ್ವ ಇಲಾಖೆ (1914), ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ (1918) ಹುಟ್ಟಿದವು. 1915ರಲ್ಲಿ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದರು, ಅದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಪ್ರಕಟವಾಯಿತು. ಇಂಥ ಪ್ರಭುತ್ವವನ್ನು ಹಳೆಯ ಕಾಲದ ಪಳೆಯುಳಿಕೆ ಎನ್ನುವವರು ಈ ಸಂಸ್ಥೆಗಳನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆಂಬುದನ್ನು ಹೇಳಬೇಕು.

ವಾದದ ತಿರುಳಿರುವುದು ರಾಜಕೀಯ ಸಭೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ 1921ರ ಆಜ್ಞೆಯಲ್ಲಿ. ಮುಂದೆ ‘ಗಸ್ತಿ ನಿಶಾನ್ 53’ ಎಂದು ಕುಖ್ಯಾತವಾದ ಸುತ್ತೋಲೆಯ ಬೇರು ಇಲ್ಲಿದೆ. ಇದನ್ನು ಹಿಂದೂಗಳನ್ನು ಹತ್ತಿಕ್ಕಲು ಹೂಡಿದ ಉಪಾಯವೆಂದು ಓದುವುದು ವಾಡಿಕೆ. ಆದರೆ ಆಗ ಹೈದರಾಬಾದಿನಲ್ಲಿ ಜನ ಸೇರುತ್ತಿದ್ದುದು ಖಿಲಾಫತ್ ಸಭೆಗಳಿಗೆ. ಆ ವೇದಿಕೆಯಲ್ಲಿ ಮುಸ್ಲಿಂ ಮುಖಂಡರ ಜೊತೆಗೆ ಹಿಂದೂ ಮುಖಂಡರಾದ ವಾಮನ ನಾಯಕ, ಕೇಶವರಾವ್ ಕೋರಟಕರರಂಥವರೂ ಇದ್ದರು. ಪ್ರಭುತ್ವ ಬೆದರಿದ್ದು ಈ ಕೂಡುವಿಕೆಗೆ. ಹಾಗೆಂದು ಮತೀಯ ಪಕ್ಷಪಾತವೇ ಇರಲಿಲ್ಲವೆಂದು ವಾದಿಸುವುದೂ ಅಷ್ಟೇ ದೊಡ್ಡ ಅಪಚಾರ: ಉನ್ನತ ಹುದ್ದೆಗಳ ಹಂಚಿಕೆಯಲ್ಲೂ ಶಿಕ್ಷಣದ ಭಾಷೆಯಲ್ಲೂ ಅದು ಕಣ್ಣಿಗೆ ಹೊಡೆಯುವಂತಿತ್ತು. ಇಲ್ಲಿ ಹೇಳುತ್ತಿರುವುದು ಇಷ್ಟೇ: ಆಜ್ಞೆ ಮೊದಲು ಮುರಿದದ್ದು ಇಬ್ಬರೂ ಸೇರಿ ಕೂತ ಸಭೆಯನ್ನು, ಆ ಸಭೆ ಮುರಿದ ಮೇಲೆಯೇ ಪಕ್ಷಪಾತಕ್ಕೆ ಅಡೆತಡೆಯಿಲ್ಲದ ಹಾದಿ ಸಿಕ್ಕಿತು.

ಯುರೋಪಿನೊಡನೆ ಹೋಲಿಸುವಾಗ ಈ ಅನುಕ್ರಮವನ್ನು ಮರೆಯಬಾರದು. ಇಟಲಿಯಲ್ಲಿ ಮುಸೊಲಿನಿ ಪಕ್ಷವನ್ನೂ ಕರಿಯಂಗಿಯ ದಳವನ್ನೂ ಮೊದಲು ಕಟ್ಟಿ, 1922ರಲ್ಲಿ ಅಧಿಕಾರಕ್ಕೆ ಬಂದು, 1925–26ರ ಕಾಯಿದೆಗಳಿಂದ ಸಂಸತ್ತನ್ನು ನಿಸ್ಸತ್ವಗೊಳಿಸಿದನು. ಹೈದರಾಬಾದಿನಲ್ಲಿ ಕಾಯಿದೆ ಮೊದಲು ಬಂತು, ದಳ ಕೊನೆಗೆ. ಇನ್ನೊಂದು ಭೇದವೂ ಇದೆ: ಮುಸೊಲಿನಿಗೆ ಮೇಲಧಿಕಾರಿ ದೇಶವಿರಲಿಲ್ಲ, ನಿಜಾಮನಿಗೆ ಬ್ರಿಟಿಷರಿದ್ದರು. ಖಿಲಾಫತ್ ಅಡಗಿದ್ದು ಅವರಿಗೂ ಹಿತವೇ ಆಗಿತ್ತು. 1926ರ ವೈಸರಾಯ್ ಲಾರ್ಡ್ ರೀಡಿಂಗರ ಪತ್ರ ಬ್ರಿಟಿಷರ ಪರಮಾಧಿಕಾರವನ್ನು ನಿಜಾಮನಿಗೆ ನೆನಪಿಸಿತೇ ಹೊರತು ಪ್ರಜೆಗಳ ಸಭಾಸ್ವಾತಂತ್ರ್ಯವನ್ನು ಕೇಳಲಿಲ್ಲ.

ತಾಲೂಕುಗಳಲ್ಲಿ 1921ರ ಆಜ್ಞೆಯನ್ನು ನಡೆಸಲು ಹೊಸ ಯಂತ್ರ ಬೇಕಾಗಿರಲಿಲ್ಲ. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದುಮಾಡಿದಾಗಲೇ ಸಿಂಧನೂರು, ಲಿಂಗಸುಗೂರು ತಾಲೂಕುಗಳು ರಾಯಚೂರಿಗೆ ಸೇರಿದ್ದವು. ತಹಸೀಲ್ದಾರನ ಮೇಲೆ ತಾಲೂಕ್ದಾರ, ಅವನ ಮೇಲೆ ಗುಲಬರ್ಗಾದ ಸುಬೇದಾರ ಎಂಬ ಏಣಿ ಸಿದ್ಧವಾಗಿತ್ತು. ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಬ್ರಿಟಿಷರ ಆ ನೆಲದಲ್ಲಿ ಕಾಂಗ್ರೆಸ್ ಸಭೆ ಸಾಧ್ಯವಿತ್ತು. 1920ರಲ್ಲಿ ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ತೆರೆದ ಪಂಡಿತ ತಾರಾನಾಥರು ಮುಂದೆ ಪ್ರೇಮಾಯತನವನ್ನು ಕಟ್ಟಿದ್ದು ಹೊಳೆಯಾಚೆ. ಈಚೆ ಉಳಿದವರು ಶಾಲೆ, ವಾಚನಾಲಯ, ಸಾಹಿತ್ಯಕೂಟಗಳನ್ನು ಆಶ್ರಯಿಸಿದರು. ಅವನ್ನು ಬರೀ ಭಾಷಾಭಿಮಾನದ ಕೆಲಸವೆಂದು ಬದಿಗಿಡುವ ಇತಿಹಾಸಕಾರರು ಆ ಜನರಿಗೆ ಅನ್ಯಾಯ ಮಾಡಿದ್ದಾರೆ.

ಕಾಯಿದೆ ಮೊದಲು, ದಳ ಕೊನೆಗೆ ಎಂಬುದಕ್ಕೆ ಕಾಲಕ್ರಮವೇ ಕೊನೆಯ ಸಾಕ್ಷ್ಯ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ವಿಧಿವತ್ತಾಗಿ ಹುಟ್ಟುವ ಮೊದಲೇ, 1938ರ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. ರಜಾಕಾರರ ನಾಯಕ ಕಾಸಿಂ ರಜ್ವಿ ಮಜ್ಲಿಸ್ ಇತ್ತೆಹಾದ್‌ನ ನಾಯಕತ್ವ ಹಿಡಿದದ್ದು 1946ರಲ್ಲಿ.