ಕಾಗಕ್ಕ ಗುಬ್ಬಕ್ಕ ಆದ್ಮೇಲೆ ಏನು?

ಸುಬ್ರಹ್ಮಣ್ಯಪುರದ ನಮ್ಮ ಬಿಲ್ಡಿಂಗಿನ ಕೆಳಗಡೆ ಮನೆ ಆಂಟಿ ಮೊನ್ನೆ ನನ್ನನ್ನ ಮೆಟ್ಟಿಲ ಹತ್ರ ಹಿಡ್ಕೊಂಡ್ರು. "ಏನಪ್ಪಾ, ನೀನು ಅದೇನೋ ಪುಸ್ತಕ ಗಿಸ್ತಕ ಅಂತ ಮಾತಾಡ್ತಿರ್ತೀಯಲ್ಲ, ನಮ್ಮ ಹುಡುಗ ಏಳನೇ ಕ್ಲಾಸು. ಕನ್ನಡದಲ್ಲಿ ಓದೋಕೆ ಏನಾದ್ರೂ ಹೇಳು." ಕಾಗಕ್ಕ ಗುಬ್ಬಕ್ಕ ಕೊಟ್ರೆ ಅವನು ನಗ್ತಾನಂತೆ. ಭೈರಪ್ಪ ಕೊಟ್ರೆ ಓಡ್ತಾನಂತೆ. ಮಧ್ಯದಲ್ಲಿ ಏನಿದೆ?

ನಾನು ಕಾಮರ್ಸ್ ಓದಿದವನು, ಹಾಗಾಗಿ ಮೊದಲು ತಲೆಗೆ ಬಂದಿದ್ದು ಮಾರುಕಟ್ಟೆ ಕಥೆ. ಅಮರ ಚಿತ್ರ ಕಥೆ ಮೊದಲು ಬಂದಿದ್ದು ಯಾವ ಭಾಷೇಲಿ ಗೊತ್ತಾ? ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಅವರ ಐಡಿಯಾ ಅದು. ಸಿಂಡರೆಲಾ ಥರದ ಹೊರದೇಶದ ಕಥೆಗಳು, ಒಟ್ಟು ಹತ್ತು ಪುಸ್ತಕ. ಚೆನ್ನಾಗಿ ಮಾರಾಟ ಆಯ್ತು. ಆಮೇಲೆ ಮುಂಬೈನಲ್ಲಿ ಕಾರ್ಕಳದ ಅನಂತ ಪೈ 'ಕೃಷ್ಣ' ತಂದ್ರು. ಇಂಗ್ಲಿಷ್ ಸರಣಿ 11ನೇ ನಂಬರಿನಿಂದ ಶುರುವಾಗೋದು ಅದಕ್ಕೇ. ಅಂದ್ರೆ, ಕನ್ನಡದ ಮಕ್ಕಳು ಪುಸ್ತಕ ಕೊಳ್ಳಲ್ಲ ಅನ್ನೋ ಮಾತು ಆಗಲೇ ಸುಳ್ಳಾಗಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. 1936. ಪುತ್ತೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಾಲೇಜು ಬಿಟ್ಟು ಗಾಂಧಿ ಹಿಂದೆ ಹೋಗಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದ್ರು, ಮೂರು ಸಂಪುಟ. ಸಂಪಾದಕ ಮಂಡಳಿಯ ಕೆಲಸ ಒಬ್ಬ ಮನುಷ್ಯ ಮಾಡಿದ್ದು. ಆಗ ಅವರಿಗೆ ವಯಸ್ಸು ಮೂವತ್ತನಾಲ್ಕು. ನನಗಿಂತ ಆರೇಳು ವರ್ಷ ದೊಡ್ಡವರು ಅಷ್ಟೇ! (ನಾನಿನ್ನೂ ಎಪಿಸೋಡ್ ಎಡಿಟ್ ಮಾಡೋಕೆ ಒದ್ದಾಡ್ತಿದೀನಿ.) ಮುಂದೆ ನಿರಂಜನ 'ಜ್ಞಾನ ಗಂಗೋತ್ರಿ' ಅಂತ ಕಿರಿಯರ ವಿಶ್ವಕೋಶ ಸಂಪಾದಿಸಿದ್ರು, ಏಳು ಸಂಪುಟ. ಪಾರ್ಶ್ವವಾಯು ಬಡಿದ ಮೇಲೂ ಬಿಡಲಿಲ್ಲ, 25 ಸಂಪುಟಗಳ 'ವಿಶ್ವಕಥಾಕೋಶ' ತಂದ್ರು. ಎಪ್ಪತ್ತರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಭಾರತ-ಭಾರತಿಯ 510 ಪುಟ್ಟ ಪುಸ್ತಕಗಳು. ನಿಮ್ಮ ಅಪ್ಪ-ಅಮ್ಮನ್ನ ಕೇಳಿ, ನೆನಪಿರತ್ತೆ.

ಆದ್ರೆ ಇದರಲ್ಲಿ ಬಹುಪಾಲು 'ತಿಳ್ಕೋ' ಅನ್ನೋ ಪುಸ್ತಕಗಳು. ಹದಿಮೂರಕ್ಕೆ ಬೇಕಾಗಿರೋದು ಬೇರೆ. ನನಗದು ಸಿಗಲಿಲ್ಲ. ಎಂಟನೇ ಕ್ಲಾಸಲ್ಲಿದ್ದಾಗ, ಕಣ್ಣಿನ ಆಪರೇಷನ್ ಆಗಿದ್ದ ಅಜ್ಜಿ ಪೇಪರ್ ಓದಿ ಹೇಳು ಮಗಾ ಅಂದ್ರು. ಒಂದೊಂದು ಒತ್ತಕ್ಷರಕ್ಕೂ ತಡವರಿಸಿದೆ. ಎರಡು ಪ್ಯಾರಾ ಆದ್ಮೇಲೆ ಅಜ್ಜಿ, "ಸಾಕು ಬಿಡು, ನಿನಗೆ ಹೋಮ್‌ವರ್ಕ್ ಇರತ್ತೆ" ಅಂದ್ರು. ಹೋಮ್‌ವರ್ಕ್ ಇರಲಿಲ್ಲ.

ತೇಜಸ್ವಿಯವರ 'ಕರ್ವಾಲೊ' ನನ್ನ ಕೈಗೆ ಬಂದಿದ್ದು ಡಿಗ್ರಿ ಮುಗಿದ ಮೇಲೆ. 1980ರ ಪುಸ್ತಕ, ಮಕ್ಕಳಿಗೆ ಅಂತ ಬರೆದದ್ದೇ ಅಲ್ಲ. ಆದರೂ ದೊಡ್ಡ ವಿಜ್ಞಾನಿಯೊಬ್ಬರು ಊರವರು ದಡ್ಡ ಅಂದ್ಕೊಂಡಿರೋ ಮಂದಣ್ಣನ ಕಣ್ಣನ್ನ ನಂಬಿ, ಹಾರುವ ಓತಿ ಹುಡುಕ್ತಾ ಕಾಡಿಗೆ ಹೋಗ್ತಾರಲ್ಲ, ಅದು ಹದಿಮೂರರ ಹುಡುಗನಿಗೇ ಹೇಳಿ ಮಾಡಿಸಿದ್ದು. ಅಲ್ಲಿ ಯಾರೂ ಪಾಠ ಮಾಡಲ್ಲ. ಅದು ಹಿಡಿಸಿದ್ರೆ 'ಪರಿಸರದ ಕತೆ' ಕೊಡಿ.

ಆಂಟಿಗೆ ನನ್ನ ಕಾಪಿಯನ್ನೇ ಕೊಟ್ಟೆ. ನಾಲ್ಕು ದಿನ ಬಿಟ್ಟು ಹುಡುಗ ಬಾಗಿಲು ತಟ್ಟಿದ. "ಅಣ್ಣಾ, ಹಾರೋ ಓತಿ ನಿಜವಾಗ್ಲೂ ಇದ್ಯಾ?" ಇದೆ ಕಣೋ, ಪಶ್ಚಿಮ ಘಟ್ಟದಲ್ಲಿ, ಮರದಿಂದ ಮರಕ್ಕೆ ತೇಲತ್ತೆ ಅಂದೆ. "ಹೇಳ್ಬೇಡಿ ಹೇಳ್ಬೇಡಿ, ನಾನಿನ್ನೂ ಅರ್ಧದಲ್ಲಿದೀನಿ" ಅಂತ ಕೆಳಗೆ ಓಡಿದ.